ಮೇಲಿನ ಹಿಡಿಯನ್ನು ನಂಬದವನು

ಸಕ್ಕರೆ ಡಬ್ಬಿ ಮುಂದಿಟ್ಟರೆ ಆತ ಮೇಲಿನ ಸಕ್ಕರೆಯನ್ನು ಎಂದೂ ಮುಟ್ಟುತ್ತಿರಲಿಲ್ಲ. ಚಮಚವನ್ನು ನಡುವಿಗೆ ಚುಚ್ಚಿ, ತಳಕ್ಕೆ ಮುಟ್ಟಿಸಿ, ಅಲ್ಲಿಂದ ಎತ್ತುತ್ತಿದ್ದ. ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಟೇಬಲ್ ಮ್ಯಾನರ್ಸ್ ಕಲಿತವಳು ನಾನು.

"ಏನಪ್ಪಾ, ನನ್ನ ಸಕ್ಕರಿಯೊಳಗ ಇರಿವಿ ಹುಡುಕ್ತೀಯೇನು?" ಅಂದೆ.

ಆತ ನಾಚಿದ. "ಇಲ್ರಿ ಟೀಚರ್, ಕೈ ರೂಢಿ. ಮ್ಯಾಲಿನ ಹಿಡಿ ಸುಳ್ಳು ಹೇಳತೈತ್ರಿ."

ಆತನ ಕೆಲಸವೇ ಅದು. ಸಂಡೂರು ರಸ್ತೆಯ ಪಕ್ಕದ ಒಂದು ಪ್ಲಾಟಿನಲ್ಲಿ, ಅಂದರೆ ಅದಿರು ರಾಶಿ ಹಾಕುವ ಬಯಲಿನಲ್ಲಿ, ಆತ ಸ್ಯಾಂಪ್ಲರ್. ಲಾರಿ ಬಂದು ನಿಂತರೆ ಮೇಲೆ ಹತ್ತಿ, ಮೊಣಕೈವರೆಗೆ ಕೈ ತೂರಿಸಿ ಅದಿರು ತೆಗೆಯಬೇಕು. ಮೇಲೆ ಒಳ್ಳೆಯದನ್ನು ಹರಡಿ ಒಳಗೆ ಕಳಪೆ ತುಂಬುವವರ ಕಾಲ ಅದು. ತೆಗೆದದ್ದನ್ನು ಗೋಪುರದಂತೆ ಸುರಿದು, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಎಸೆಯುವುದು. ಮತ್ತೆ ಗೋಪುರ, ಮತ್ತೆ ನಾಲ್ಕು ಭಾಗ, ಕಡೆಗೆ ಒಂದು ಹಿಡಿ ಉಳಿಯುವ ತನಕ. ನನ್ನ ಅಡುಗೆಮನೆಯಲ್ಲಿ ರವೆ ಹಸನು ಮಾಡಲು ಕೊಟ್ಟರೂ ಆತನ ಬೆರಳುಗಳು ತಾವಾಗಿಯೇ ಗೋಪುರ ಕಟ್ಟಿ ನಾಲ್ಕಾಗಿ ಸೀಳುತ್ತಿದ್ದವು.

ಹೋದ ತಿಂಗಳು ಕಂಪ್ಲಿಯ ಲಾರಿ ಡ್ರೈವರ್ ಒಬ್ಬ ನನ್ನ ಗೇಟಿನ ಹತ್ತಿರ ನಿಂತು, "ಟೀಚರ್, ನಿಮ್ಮ ಬಾಡಿಗಿ ಸ್ಯಾಂಪ್ಲರ್ ತೀರಿಕೊಂಡ್ನಂತ್ರಿ" ಅಂದ. ಆ ಡ್ರೈವರ್ ಆಗ ಅದಿರಿನ ಲಾರಿ ಹೊಡೆಯುತ್ತಿದ್ದ, ಈಗ ಅಕ್ಕಿಯ ಲಾರಿ ಹೊಡೆಯುತ್ತಾನೆ. ಸ್ಯಾಂಪ್ಲರ್ ತೀರಿಕೊಂಡದ್ದು ಒಡಿಶಾ ಕಡೆಯ ಯಾವುದೋ ಗಣಿಯಲ್ಲಂತೆ, ಎದೆನೋವಂತೆ.

"ಹೆಂಡತಿಗೆ ಹೇಳ್ಯಾರೇನಪ್ಪಾ?"

"ಆಕಿ ಬಿಟ್ಟು ಹೋಗಿ ಎಷ್ಟು ವರ್ಷಾತ್ರಿ. ಯಾರು ಹೇಳ್ತಾರ?"

ಆಕೆ ಯಾಕೆ ಬಿಟ್ಟು ಹೋದಳೆಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದವರು ಇಬ್ಬರೇ. ಅದರಲ್ಲಿ ಒಬ್ಬ ಈಗ ಇಲ್ಲ.

ಆತ ಸಂಡೂರು ಕಡೆಯ ವಡ್ಡು ಎಂಬ ಹಳ್ಳಿಯವನು. ಜಮೀನು, ಮನೆತನ, ಹಣೆಯ ಮೇಲೆ ವಿಭೂತಿ ಇದ್ದ ಕುಟುಂಬ. ಪಶ್ಚಿಮದ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವಾಗ ಸ್ಯಾಂಪಲ್ ತೆಗೆಯಲೆಂದು ಕಂಪನಿ ಆತನನ್ನು ಒಂದು ವರ್ಷ ಅಲ್ಲಿಗೆ ಕಳಿಸಿತ್ತು. ಬರುವಾಗ ಮೀನುಗಾರರ ಮನೆಯ ಹುಡುಗಿಯನ್ನು ಕಟ್ಟಿಕೊಂಡು ಬಂದ. ಆತನ ಮನೆಯವರು ಅದಾದ ಮೇಲೆ ಮುಖ ನೋಡಲಿಲ್ಲ. ಕಾಲುವೆ ದಂಡೆಯ ನನ್ನ ಮನೆಯ ಹಿಂದಿನ ಎರಡು ಕೋಣೆ ಖಾಲಿ ಇದ್ದವು. ಬಾಡಿಗೆಗೆ ಕೊಟ್ಟೆ. ಆಗ ನಾನು ಸ್ಕೂಲಿನಿಂದ ರಿಟೈರ್ ಆಗಿ ಎರಡು ವರ್ಷ.

ಆ ಹುಡುಗಿಗೆ ನಮ್ಮ ಊರು ಹಿಡಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಊರೇ ಆಕೆಯನ್ನು ಹಿಡಿಸಿಕೊಳ್ಳಲಿಲ್ಲ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಸೀರೆ ಮಧ್ಯಾಹ್ನಕ್ಕೆ ಕೆಂಪು. ತುಳಸಿಯ ಎಲೆ ಕೆಂಪು, ಕುಡಿಯುವ ನೀರಿನ ಕೊಡದ ಮುಚ್ಚಳ ಕೆಂಪು. ಬೈಪಾಸಿನಲ್ಲಿ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಆ ಬೇಸಿಗೆಯಲ್ಲಿ ಆಕೆಗೆ ಏಳನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ. ನಾನು ಗಂಜಿ ಮಾಡಿ ತುತ್ತು ತುತ್ತಾಗಿ ಬಾಯಿಗಿಟ್ಟರೆ ನುಂಗುವಳು, ಅಷ್ಟೆ. ಆತ ಪ್ಲಾಟಿನಿಂದ ಬಂದು, ಕೈಕಾಲು ತೊಳೆದು, ಆಕೆಯ ಬೆನ್ನಿನ ಹಿಂದೆ ಕೂತಿರುತ್ತಿದ್ದ. ಎಷ್ಟು ಉಜ್ಜಿದರೂ ಆತನ ಉಗುರಿನ ಕೆಂಪು ಹೋಗುತ್ತಿರಲಿಲ್ಲ.

"ಟೀಚರ್, ಲಾರಿಯೊಳಗ ಏನೈತಂತ ಹೇಳತೀನ್ರಿ. ಈಕಿಯೊಳಗ ಏನೈತಂತ ತಿಳೀವಲ್ದು" ಎಂದು ಒಂದು ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತ.

ಏಡಿ ಬಂದದ್ದು ತಮಾಷೆಗೆ. ಇದೇ ಕಂಪ್ಲಿ ಡ್ರೈವರ್ ಬಂದರಿನಿಂದ ಖಾಲಿ ಲಾರಿ ತರುವಾಗ, ಸ್ಟೀಲಿನ ಊಟದ ಡಬ್ಬಿಯಲ್ಲಿ ಶಂಖದೊಳಗೆ ವಾಸಿಸುವ ಒಂದು ಏಡಿಯನ್ನು ಹಾಕಿಕೊಂಡು ಬಂದಿದ್ದ. "ಅತ್ತಿಗಿ ತೌರುಮನಿಯಿಂದ ಬೀಗರು ಬಂದಾರ ನೋಡ್ರಿ" ಎಂದು ಆತನ ಕೈಗೆ ಕೊಟ್ಟ. ಆತ ಡಬ್ಬಿಯನ್ನು ತಂದು ಮಂಚದ ಪಕ್ಕ ಇಟ್ಟ. ಒಳಗೆ ಕರಕರ ಸದ್ದು. ಗೋಡೆ ನೋಡುತ್ತಿದ್ದವಳು ತಿರುಗಿದಳು.

"ಅದ್ಕೆ ಉಸಿರು ಕಟ್ತದೆ. ಮುಚ್ಚಳ ತೆಗೀರಿ."

ಎಷ್ಟೋ ವಾರಗಳ ಮೇಲೆ ಆಕೆಯ ಬಾಯಿಂದ ಬಂದ ಮೊದಲ ಮಾತು. ಆತ ಮುಚ್ಚಳ ತೆಗೆಯುವ ಅವಸರದಲ್ಲಿ ಡಬ್ಬಿಯನ್ನೇ ಕೆಡವಿದ. ಏಡಿ ಮಂಚದ ಕೆಳಗೆ ಓಡಿತು. ದೊಡ್ಡ ಗಂಡಸು ಹೊಟ್ಟೆಯ ಮೇಲೆ ತೆವಳಿ ಅದನ್ನು ಹಿಡಿಯುವುದನ್ನು ನೋಡಿ ಆಕೆಯ ತುಟಿ ಸ್ವಲ್ಪ ಅಲುಗಿತು.

"ನಮ್ ಬದಿಗೆ ಇದ್ನ ಗಾಳಕ್ಕೆ ಸಿಕ್ಕಿಸ್ತಾರೆ. ಯಾರೂ ಸಾಕೂದಿಲ್ಲ" ಅಂದಳು.

"ನಾವು ಸಾಕೂಣು" ಅಂದ ಆತ.

ಅವತ್ತಿನಿಂದ ಆತನಿಗೆ ಹುಚ್ಚು ಹಿಡಿಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ಈ ಏಡಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು ಬರುವುದು. ಇಂಗ್ಲಿಷ್ ಸರಿಯಾಗಿ ಬಾರದ್ದರಿಂದ ನನ್ನ ಮುಂದೆ ಇಡುವುದು. ನಾನು ಕನ್ನಡಕ ಹಾಕಿಕೊಂಡು ಓದಿ ಹೇಳುವುದು. ನಾಲ್ಕೈದು ಏಡಿಗೆ ಹತ್ತು ಗ್ಯಾಲನ್ ಟ್ಯಾಂಕ್ ಬೇಕು ಎಂದಿತ್ತು. ನಮ್ಮ ಸಿಸ್ಟರ್‌ಗಳು ಕಲಿಸಿದ ಗ್ಯಾಲನ್ ಬ್ರಿಟಿಷರದು, ನಾಲ್ಕೂವರೆ ಲೀಟರ್. ಆ ಲೆಕ್ಕದಲ್ಲೇ ಹೇಳಿದೆ. ಅಮೆರಿಕದ ಗ್ಯಾಲನ್ ಅದಕ್ಕಿಂತ ಸಣ್ಣದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನನ್ನ ಆ ತಪ್ಪಿನಿಂದ ಏಡಿಗಳಿಗೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು. ನಾನು ಮಾಡಿದ ತಪ್ಪುಗಳಲ್ಲಿ ಯಾರಿಗಾದರೂ ಒಳ್ಳೆಯದಾದದ್ದು ಅದೊಂದೇ.

ಟ್ಯಾಂಕ್ ಮಾಡಿಸಲು ಗಾಜಿನ ಅಂಗಡಿಗೆ ನಾನೂ ಹೋಗಿದ್ದೆ. ಆ ವರ್ಷಗಳಲ್ಲಿ ಗಣಿ ದುಡ್ಡಿನವರೆಲ್ಲ ಹಾಲ್‌ನಲ್ಲಿ ಆರಡಿ ಟ್ಯಾಂಕ್ ಇಟ್ಟು ಒಂದೇ ಒಂದು ಮೀನು ಬಿಡುತ್ತಿದ್ದರು. ಅಂಗಡಿಯವನಿಗೆ ಉಸಿರಾಡಲು ಪುರಸೊತ್ತಿಲ್ಲ.

"ನೀರು ತುಂಬಂಗಿಲ್ಲ ಅಂತೀರಿ, ಮೀನು ಬಿಡಂಗಿಲ್ಲ ಅಂತೀರಿ. ಮತ್ತ ಎರಡೂವರಿ ಅಡಿ ಯಾಕ್ರೀ ಅಣ್ಣಾ?"

"ಅರ್ಧ ಮರಳು ತುಂಬತೀನಿ."

"ಮರಳು ತುಂಬಾಕ ಗಾಜು ಯಾಕ? ತಗಡಿನ ಡಬ್ಬಿ ಸಾಕಲ್ಲ."

"ಒಳಗ ಏನು ನಡದೈತಂತ ಕಾಣಬೇಕಲ್ಲಪ್ಪಾ."

ಒಂದು ಗೇಣು ಮರಳು. ಅತಿ ದೊಡ್ಡ ಶಂಖದ ಎತ್ತರದ ಮೂರು ಪಟ್ಟು ಆಳ ಇರಲೇಬೇಕು, ಏಡಿ ಪೊರೆ ಬಿಡುವಾಗ ತನ್ನನ್ನು ತಾನು ಹೂತುಕೊಳ್ಳುತ್ತದೆ ಎಂದು ಓದಿ ಹೇಳಿದವಳು ನಾನೇ. ಮರಳನ್ನೂ ಡ್ರೈವರ್ ಆಕೆಯ ಊರಿನ ದಂಡೆಯಿಂದಲೇ ತಂದ. ಒಂದು ಬಟ್ಟಲಲ್ಲಿ ಸಿಹಿನೀರು, ಒಂದರಲ್ಲಿ ಕಲ್ಲುಪ್ಪಿನ ನೀರು. ಮೇಲೆ ಗಾಜಿನ ಮುಚ್ಚಳ, ಸುತ್ತ ಒದ್ದೆ ಗೋಣಿಚೀಲ. ನಮ್ಮ ಒಣ ಬಿಸಿಲಿನಲ್ಲಿ ಕರಾವಳಿಯ ಹವೆ ಹುಟ್ಟಿಸಲು ಆತ ಕ್ಷೌರದಂಗಡಿಯ ನೀರು ಚಿಮುಕಿಸುವ ಬಾಟಲಿ ತಂದಿದ್ದ. ಪ್ಲಾಟಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ನಡುವೆ ನನ್ನ ಪಾಳಿ.

ಏಡಿಗಳು ಐದಾದವು. ಅದರಲ್ಲಿ ಮೊದಲು ಬಂದದ್ದೇ ದೊಡ್ಡದು. ಬಾಯಿಯ ಅಂಚು ಸ್ವಲ್ಪ ಒಡೆದ ಕಂದು ಶಂಖ. ಆಕೆ ಅದನ್ನು ಯಜಮಾನ ಎನ್ನುತ್ತಿದ್ದಳು. ಈಗ ಆಕೆ ಎದ್ದು ಕೂರುತ್ತಿದ್ದಳು. ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಗಂಟೆಗಟ್ಟಲೆ ನೋಡುವಳು. ಕೊಬ್ಬರಿ ಚೂರು ಹಾಕುವಳು. ಆದರೆ ಒಲೆಯ ಹತ್ತಿರ ಹೋಗಲಿಲ್ಲ, ಬಾಗಿಲು ದಾಟಲಿಲ್ಲ, ತಲೆ ಬಾಚಿಕೊಳ್ಳಲಿಲ್ಲ.

ಇನ್ನೊಬ್ಬ ಡ್ರೈವರ್, ಆಂಧ್ರದ ಬಂದರಿಗೆ ಹೋಗುವವನು, ತಾನೂ ಒಂದೆರಡು ತಂದುಕೊಡುತ್ತೇನೆಂದ. ಆ ಸಮುದ್ರದವು ನೋಡಲು ಇನ್ನೂ ಚೆಂದವಂತೆ. ಆತ ಬೇಡವೆಂದ. ಬೇರೆ ಬೇರೆ ಜಾತಿಯವನ್ನು ಒಂದೇ ಟ್ಯಾಂಕಿಗೆ ಬಿಟ್ಟರೆ ಶಂಖಕ್ಕಾಗಿ ಕಾದಾಡಬಹುದು, ಮೈ ಮೆತ್ತಗಿದ್ದದ್ದನ್ನು ಅಗೆದು ತಿನ್ನಲೂಬಹುದು ಎಂದು ಪ್ರಿಂಟ್‌ನಲ್ಲಿತ್ತು.

"ನಿನ್ನ ಕೆಲಸಾನ ಮಿಕ್ಸ್ ಮಾಡೋದಲ್ಲೋ?" ಎಂದು ನಾನು ಕಾಡಿಸಿದೆ. ಅವರ ಪ್ಲಾಟಿನಲ್ಲಿ ಒಳ್ಳೆಯ ಅದಿರಿಗೆ ಕಳಪೆ ಬೆರೆಸಿ ನಡುವಿನ ದರ್ಜೆ ಮಾಡುತ್ತಿದ್ದರು.

"ಕಲ್ಲಿಗೆ ಹಸಿವಿಲ್ರಿ ಟೀಚರ್" ಅಂದ. "ಹಂಗಾಗಿ ಕಲ್ಲು ಮಿಕ್ಸ್ ಆಗತೈತಿ."

ಶ್ರಾವಣ ಮುಗಿಯುತ್ತಿದ್ದಂತೆ ಯಜಮಾನ ಮರಳೊಳಗೆ ಇಳಿಯಿತು. ಮೂಲೆಯಲ್ಲಿ ಒಂದು ಸಣ್ಣ ತಗ್ಗು, ಮರುದಿನ ಅದೂ ಮುಚ್ಚಿತು. ಆಕೆ ಅದರ ಮುಂದೆ ಕೂತು ಹೇಳಿದಳು: "ಪೊರೆ ಬಿಡ್ಲಿಕ್ಕೆ ಹೋಗಿದೆ. ಅದು ಮೇಲೆ ಬಂದ ದಿನ ನಾನೂ ಏಳ್ತೇನೆ. ಅವತ್ತು ಅಡುಗೆ ನಂದು."

ಆ ಮಾತನ್ನು ಆತ ಹೇಗೆ ಹಿಡಿದುಕೊಂಡನೆಂದರೆ, ಮುಳುಗುವವನು ಹಗ್ಗ ಹಿಡಿದ ಹಾಗೆ. ಪ್ಲಾಟಿನಿಂದ ಬಂದವನು ಚಪ್ಪಲಿ ಬಿಡುವ ಮುಂಚೆ ಟ್ಯಾಂಕಿನ ಮೂಲೆ ನೋಡುವನು. ನನಗೆ ಹತ್ತು ಸಲ ಹೇಳಿದ್ದ: "ಎಷ್ಟು ದಿನಾದ್ರೂ ಮುಟ್ಟಬ್ಯಾಡ್ರಿ ಟೀಚರ್. ಮ್ಯಾಲೆ ಏನೂ ಕಾಣವಲ್ದು ಅಂತ ಒಳಗ ಏನೂ ಇಲ್ಲ ಅಂತಲ್ಲ."

ಆಯುಧಪೂಜೆ ಬಂತು. ಏಡಿ ಇಳಿದು ಆರು ವಾರ ದಾಟಿತ್ತು. ಬೆಳಿಗ್ಗೆಯೇ ಆತ ಪ್ಲಾಟಿಗೆ ಹೋದ. ಆ ದಿನ ಲಾರಿಗಳಿಗೆಲ್ಲ ಬಾಳೆಕಂದು ಕಟ್ಟಿ, ಚಕ್ರದ ಮುಂದೆ ಬೂದುಗುಂಬಳಕಾಯಿ ಒಡೆಯುವ ಗದ್ದಲ. ನಮ್ಮ ಕಡೆ ಆವತ್ತು ತೊಳೆಯದ ವಸ್ತು ಇರುವುದಿಲ್ಲ. ಹೊಲಿಗೆ ಮಷಿನ್, ಈಳಿಗೆ, ಮಿಕ್ಸಿ, ಸೈಕಲ್, ಎಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಬೇಕು. ಅದರ ಮೇಲೆ ನನಗೆ ಕಾನ್ವೆಂಟಿನ ಬೇರೆ ರೋಗ: ಸ್ವಚ್ಛತೆ ದೇವರ ಪಕ್ಕದ ಕುರ್ಚಿ ಎಂದು ನಮ್ಮ ಮದರ್ ಸುಪೀರಿಯರ್ ರೂಲರ್ ಹಿಡಿದು ಕಲಿಸಿದ್ದರು. ನನ್ನ ಮನೆ ಮುಗಿಸಿ ಅವರ ಕೋಣೆಗೆ ಹೋದೆ. ಆಕೆ ಒಳಗಿನ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಟ್ಯಾಂಕಿನ ಮುಚ್ಚಳ ಎತ್ತಿದೆ, ಗಾಜು ಒರೆಸೋಣವೆಂದು. ವಾಸನೆ ಬಂತು. ಕೊಳೆತ ವಾಸನೆ.

ಸತ್ತಿದೆ ಎಂದುಕೊಂಡೆ. ಆರು ವಾರದ ಮೇಲೆ ಬದುಕಿರುವುದುಂಟೇ. ಈ ಹುಡುಗಿ ಎದ್ದು ಬಂದು ಸತ್ತದ್ದನ್ನು ನೋಡಿದರೆ ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಆಕೆ ಏಳುವ ಮುಂಚೆ ತೆಗೆದುಬಿಡಬೇಕು. ಹೀಗೆ ಯೋಚಿಸಿದೆ. ಪ್ರೀತಿಯಿಂದಲೇ ಯೋಚಿಸಿದೆ, ಅದೇ ನನ್ನನ್ನು ಇವತ್ತಿಗೂ ಸುಡುವುದು. ಆತ ಮನೆಯಲ್ಲಿ ಪೂಜೆಗೆಂದು ತೊಳೆದಿಟ್ಟಿದ್ದ ಸ್ಯಾಂಪಲ್ ತೆಗೆಯುವ ಸಣ್ಣ ಸಲಿಕೆಯಿಂದಲೇ ಆ ಮೂಲೆಯನ್ನು ಅಗೆದೆ.

ಶಂಖದ ಪಕ್ಕದಲ್ಲಿ ಕಳಚಿದ ಪೊರೆ. ಶಂಖದ ಬಾಯಿಯಲ್ಲಿ ಬೆಳ್ಳಗೆ, ಮೆತ್ತಗೆ, ಬೇಯಿಸಿದ ಸೇಮಿಗೆಯಂಥ ಕಾಲುಗಳು. ಪೇಪರಿನ ಮೇಲೆ ಹಾಕಿ, ಹಿತ್ತಲ ಮೆಟ್ಟಿಲ ಬಿಸಿಲಿನಲ್ಲಿಟ್ಟು, ಮೊರ ತರಲು ಹೋದೆ. ಬಂದು ನೋಡಿದರೆ ಒಂದು ಕಾಲು ಅಲುಗಿತು. ಇರುವೆ ಹತ್ತಿದ್ದವು. ಊದಿದೆ, ಬೆರಳಿನಿಂದ ತೆಗೆದೆ. ಓಡಿ ಹೋಗಿ ಮರಳಿನೊಳಗೆ ಇಟ್ಟೆ. ನೀರು ಚಿಮುಕಿಸಿದೆ. ಕಾಪಾಡಪ್ಪಾ ಎಂದು ವಿರೂಪಾಕ್ಷನಿಗೂ ಹೇಳಿದೆ, ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಅನ್ನೂ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅದು ಶಂಖದಿಂದ ಜೋತುಬಿದ್ದಿತ್ತು. ವಾಸನೆ ಬಂದದ್ದು ಬಟ್ಟಲಿನ ಅಡಿ ಸಿಕ್ಕಿಕೊಂಡ ಒಂದು ಕೊಬ್ಬರಿ ಚೂರಿನದು.

ಆತ ಕುಂಕುಮ ಹಚ್ಚಿಕೊಂಡು, ಪ್ಲಾಟಿನ ಪ್ರಸಾದ ಹಿಡಿದು ಬಂದ. ಹಿತ್ತಲಲ್ಲೇ ತಡೆದು ಹೇಳಿದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತ. ಸಲಿಕೆಯಲ್ಲಿ ಉಳಿದಿದ್ದ ಮರಳನ್ನು ಸುರಿದು ಗೋಪುರ ಮಾಡಿದ, ಚಪ್ಪಟೆ ಮಾಡಿದ, ನಾಲ್ಕು ಮಾಡಿದ. ಮತ್ತೆ ಗೋಪುರ. ಮತ್ತೆ ನಾಲ್ಕು. ಒಂದು ಚಿಟಿಕೆ ಉಳಿಯುವ ತನಕ ಹಾಗೇ ಮಾಡಿದ.

"ಆಕಿಗೆ ಹೇಳಬ್ಯಾಡ್ರಿ ಟೀಚರ್. ನಾ ಇನ್ನೊಂದು ತರತೀನಿ. ಇದ ಶಂಖದಾಗ ಕೂಡಸ್ತೀನಿ."

ಹಬ್ಬದ ದಿನಗಳಲ್ಲಿ ಲಾರಿಗಳು ನಿಂತಿರುತ್ತವೆ. ಆತ ಬೈಪಾಸಿನ ಉದ್ದಕ್ಕೆ, ಅಲ್ಲಿಂದ ಕುರೆಕುಪ್ಪದವರೆಗೆ ಸೈಕಲ್ ಹೊಡೆದು ಡ್ರೈವರ್‌ಗಳನ್ನು ಕೇಳಿದ. ಪಶ್ಚಿಮದಿಂದ ಬಂದವರು ಒಬ್ಬರೂ ಇಲ್ಲ. ಕಡೆಗೆ ಆ ಆಂಧ್ರದ ಕಡೆಯ ಡ್ರೈವರ್ ಸಿಕ್ಕ. ಅವನ ಕ್ಯಾಬಿನ್ನಿನಲ್ಲಿ, ಮಕ್ಕಳಿಗೆಂದು ತಂದದ್ದು, ಅಷ್ಟೇ ಗಾತ್ರದ ಒಂದು ಇತ್ತು. ಆತ ಅವನ ಕಾಲು ಹಿಡಿದು ಇಸಕೊಂಡು ಬಂದ.

ಏಡಿಯನ್ನು ಒಂದು ಶಂಖದಿಂದ ಇನ್ನೊಂದಕ್ಕೆ ಯಾರೂ ಹಾಕಲಾಗುವುದಿಲ್ಲ. ಎಳೆದರೆ ಹರಿದುಹೋಗುತ್ತದೆಯೇ ಹೊರತು ಬಿಡುವುದಿಲ್ಲ. ತಾನಾಗಿಯೇ ಬದಲಿಸಬೇಕು. ನನ್ನ ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಹೊಸ ಏಡಿಯನ್ನೂ, ಒಡೆದ ಅಂಚಿನ ಆ ಖಾಲಿ ಶಂಖವನ್ನೂ ಇಟ್ಟು, ನನ್ನ ಅಡುಗೆಮನೆಯಲ್ಲಿ ಮೂರು ದಿನ ಇಬ್ಬರೂ ಕಾದೆವು. ಅದು ಶಂಖವನ್ನು ಮುಟ್ಟಿ ನೋಡುವುದು, ತಿರುವುವುದು, ಬಿಟ್ಟು ಹೋಗುವುದು. "ಹೋಗೋ ತಂದೆ, ಹೋಗು. ಒಂದ ಒಂದು ಸಲ" ಎಂದು ಆತ ಜಾಡಿಗೆ ಹಣೆ ಹಚ್ಚಿ ಬೇಡಿಕೊಳ್ಳುತ್ತಿದ್ದ. ಮೂರನೇ ದಿನ ಹೋಯಿತು.

ಟ್ಯಾಂಕಿನ ಆ ಮೂಲೆಯಲ್ಲಿ ಮರಳು ಕೆದರಿ, ಅದನ್ನು ಮೇಲೆ ಕೂಡಿಸಿ, ಆಕೆಯನ್ನು ಕರೆದ. "ನೋಡ ಬಾ, ಯಜಮಾನ ಬಂದಾನ."

ಆಕೆ ಬಂದಳು. ಅವತ್ತು ತಲೆ ಬಾಚಿಕೊಂಡೇ ಬಂದಳು, ದೇವರೇ. ಸ್ಟೂಲಿನ ಮೇಲೆ ಕೂತಳು. ಏಡಿ ಶಂಖದಿಂದ ಕೊಂಡಿ ಹೊರಗೆ ಹಾಕಿತು. ಆಕೆಯ ಮುಖದ ಮೇಲಿನ ಬೆಳಕು ಹಾಗೇ ಆರಿತು.

"ಶಂಖ ಅದೇ. ಇದು ಅದಲ್ಲ. ಇದು ನಮ್ ಬದಿದೂ ಅಲ್ಲ, ನಮ್ ಸಮುದ್ರದ್ದೇ ಅಲ್ಲ. ಕೊಂಡಿ ನೋಡಿ, ಕಣ್ಣು ನೋಡಿ." ಮುಚ್ಚಳ ತೆಗೆದು ಅದನ್ನು ಮೆಲ್ಲಗೆ ಹೊರಗೆತ್ತಿ, ಉಳಿದ ನಾಲ್ಕನ್ನು ನೋಡಿದಳು. "ಇದನ್ನ ಇಲ್ಲಿ ಬಿಟ್ರೆ ಇವಕ್ಕೆ ಮರಳೊಳಗೆ ಹೋಗ್ಲಿಕ್ಕೂ ಹೆದರಿಕೆ." ಆಮೇಲೆ ಕೇಳಿದಳು. "ಯಾರು ಅಗೆದದ್ದು?"

ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದೆ.

"ನಾನ" ಅಂದ ಆತ. "ತಡಕೊಳ್ಳಾಕ ಆಗಲಿಲ್ಲ. ಐತೋ ಇಲ್ಲೋ ಅಂತ ನೋಡಿದೆ."

ಆಕೆ ಗಂಡನನ್ನು ನೋಡಿದಳು. ಅಷ್ಟು ಹೊತ್ತು, ಅಷ್ಟು ನೇರವಾಗಿ ಆಕೆ ಆತನನ್ನು ನೋಡಿದ್ದು ಅದೇ ಕೊನೆ.

ಹಿತ್ತಲಲ್ಲಿ ನಾನು ಆತನ ತೋಳು ಹಿಡಿದೆ. "ಯಾಕೋ ಹಂಗಂದಿ? ನಾನೇ ಹೇಳ್ತೀನಿ, ಬಿಡು."

"ಬ್ಯಾಡ್ರಿ, ನಿಮಗ ಕೈ ಮುಗೀತೀನಿ. ನಾ ಹಗಲೆಲ್ಲ ಪ್ಲಾಟಿನ್ಯಾಗ ಇರಾಂವ. ಆಕಿ ಉಣ್ಣೋದು ನಿಮ್ಮ ಕೈಲೆ. ನಿಮ್ಮ ಮ್ಯಾಲೆ ಮನಸು ಮುರದ್ರ ಆಕಿ ಬಾಯಿಗೆ ತುತ್ತು ಇಡೋರು ಯಾರು? ನನ್ನ ಮ್ಯಾಲಿನ ಸಿಟ್ಟು ಇವತ್ತಲ್ಲ ನಾಳೆ ಇಳೀತೈತಿ."

ಇಳಿಯಲಿಲ್ಲ. ಆಕೆ ನನ್ನ ಕೈಯಿಂದ ಉಂಡಳು. ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಳು. ಆತ ಬಂದು ಬೆನ್ನ ಹಿಂದೆ ಕೂತರೆ ಎದ್ದು ನನ್ನ ಕಡೆ ಬರುವಳು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ಪ್ರತಿದಿನ ಅನ್ನ ಕಲಸುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಆಕೆಯ ತಲೆ ನನ್ನ ಮಡಿಲಲ್ಲಿರುವುದು ನನಗೆ ಹಿತವಾಗಿತ್ತು. ನನಗೆ ಮಕ್ಕಳಿಲ್ಲ. ದೀಪಾವಳಿ ಕಳೆದ ಮೇಲೆ ಆಕೆಯ ಅಣ್ಣ ಬಂದು ಕರೆದೊಯ್ದ. ಬಸ್ ಹತ್ತುವ ಮುಂಚೆ ಆಕೆ ನನ್ನನ್ನು ತಬ್ಬಿಕೊಂಡು, "ಈ ಊರಲ್ಲಿ ನನ್ನವ್ರು ಅಂದ್ರೆ ನೀವೊಬ್ರೇ" ಅಂದಳು. ಆತ ಮೂರು ಹೆಜ್ಜೆ ದೂರದಲ್ಲಿ ಆಕೆಯ ಚೀಲ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದ.

ಆಕೆಯ ನಾಲ್ಕು ಏಡಿಗಳನ್ನು ಆತ ಕಂಪ್ಲಿ ಡ್ರೈವರ್ ಕೈಯಲ್ಲಿ ಅವುಗಳ ದಂಡೆಗೇ ಕಳಿಸಿದ. ಇನ್ನೊಂದನ್ನು ಸಣ್ಣ ಟ್ಯಾಂಕ್ ಮಾಡಿಸಿ ಒಂಟಿಯಾಗಿ ಸಾಕಿದ. "ಇದರದೇನು ತಪ್ಪು, ಶಂಖ ಕೊಟ್ಟಾಂವ ನಾನು" ಎನ್ನುತ್ತಿದ್ದ. ಗಣಿಗಳು ನಿಂತ ವರ್ಷ, ಪೂರ್ವಕ್ಕೆ ಹೊರಟ ಕೊನೆಯ ಲಾರಿಗಳಲ್ಲಿ ಒಂದರಲ್ಲಿ ಅದನ್ನೂ ಅದರ ಸಮುದ್ರಕ್ಕೆ ಕಳಿಸಿ, ತಾನು ಒಡಿಶಾಕ್ಕೆ ಹೋದ. ದೊಡ್ಡ ಟ್ಯಾಂಕ್ ನನ್ನ ಹಿಂದಿನ ಕೋಣೆಯಲ್ಲಿದೆ. ಮರಳು ತುಂಬಿದೆ. ನೀರು ಚಿಮುಕಿಸುವುದನ್ನು ನಾನು ಬಿಟ್ಟಿಲ್ಲ.

ನನಗೆ ಇಂಗ್ಲಿಷಿನಲ್ಲಿ ಬರೆಯುವುದು ಸುಲಭ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಇದೇ ಮೊದಲು. ಆಕೆಗೆ ಇಂಗ್ಲಿಷ್ ಬಾರದು, ಅದಕ್ಕೆ. ಆ ಡ್ರೈವರ್ ಮುಂದಿನ ವಾರ ಅಕ್ಕಿ ಹೇರಿಕೊಂಡು ಆ ದಂಡೆಯ ಕಡೆ ಹೋಗುತ್ತಾನೆ. ಆಕೆಯ ಮನೆ ಅವನಿಗೆ ಗೊತ್ತು, ಏಡಿಗಳನ್ನು ಬಿಟ್ಟು ಬಂದವನು ಅವನೇ. ಈ ಹಾಳೆಗಳ ಒಂದು ಪ್ರತಿಯನ್ನು ಅವನ ಕೈಯಲ್ಲಿ ಕೊಡುತ್ತೇನೆ. ಮೊದಲು ಆತ ಇಲ್ಲವೆಂಬುದನ್ನು ಬಾಯಲ್ಲಿ ಹೇಳಿ, ಆಮೇಲೆ ಇದನ್ನು ಕೊಡು ಎಂದಿದ್ದೇನೆ.

ಮಗಳೇ, ಅಗೆದದ್ದು ನಾನು. ಆತ ಆ ಮೂಲೆಯನ್ನು ಮುಟ್ಟಿರಲೇ ಇಲ್ಲ.